ಉಸಿರಿನ ಅಳತೆ

ಮನುಷ್ಯದೇಹದ ಅಂಗಗಳಲ್ಲಿ ಕೆಲವು ದೂರು ಹೇಳುವುದರಲ್ಲಿ ಬಲು ಚುರುಕು. ಹಲ್ಲಿನಲ್ಲಿ ಸಾಸಿವೆಕಾಳಿನಷ್ಟು ತೂತು ಬಿದ್ದರೆ ಸಾಕು, ರಾತ್ರಿಯೆಲ್ಲ ನಿದ್ರೆಯಿಲ್ಲ. ಕಣ್ಣಿಗೆ ಒಂದು ಕಣ ಧೂಳು ಬಿದ್ದರೆ ಕೈಗೆತ್ತಿಕೊಂಡ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಶ್ವಾಸಕೋಶದ ಸ್ವಭಾವ ಹಾಗಲ್ಲ. ಅದರ ಒಳಗಿನ ಮೃದುವಾದ ಭಾಗಕ್ಕೆ ನೋವಿನ ಅರಿವಿಲ್ಲ; ನೋವೇನಿದ್ದರೂ ಅದನ್ನು ಸುತ್ತುವರಿದ ಪೊರೆಗೆ ಮತ್ತು ಎದೆಯ ಗೋಡೆಗೆ. ಇದಲ್ಲದೆ ಪ್ರಕೃತಿಯು ಈ ಅಂಗಕ್ಕೆ ಕೊಟ್ಟಿರುವ ಮೀಸಲು ಶಕ್ತಿಯೂ ದೊಡ್ಡದು. ಸುಮ್ಮನೆ ಕುಳಿತಿರುವಾಗ ನಾವು ಒಂದು ಸಲಕ್ಕೆ ಸುಮಾರು ಅರ್ಧ ಲೀಟರು ಗಾಳಿಯನ್ನು, ನಿಮಿಷಕ್ಕೆ ಹನ್ನೆರಡರಿಂದ ಹದಿನೈದು ಸಲ, ಒಳಕ್ಕೆಳೆದು ಹೊರಕ್ಕೆ ಬಿಡುತ್ತೇವೆ. ಅಂದರೆ ನಿಮಿಷಕ್ಕೆ ಆರೇಳು ಲೀಟರು. ಬೆಟ್ಟವನ್ನು ಓಡುತ್ತ ಹತ್ತುವ ಗಟ್ಟಿಮುಟ್ಟಾದ ತರುಣನು ಅದೇ ಒಂದು ನಿಮಿಷದಲ್ಲಿ ನೂರು ಲೀಟರು ಗಾಳಿಯನ್ನು ಆಡಿಸಬಲ್ಲನು. ಇಷ್ಟು ದೊಡ್ಡ ಗಂಟಿನಿಂದ ದಿನಕ್ಕೊಂದು ಕಾಸು ಕಳೆದುಹೋಗುತ್ತಿದ್ದರೆ ಯಜಮಾನನಿಗೆ ತಿಳಿಯುವುದು ಯಾವಾಗ? ಗಂಟು ಬಹುಮಟ್ಟಿಗೆ ಕರಗಿದ ಮೇಲೆಯೇ. ಮಹಡಿ ಹತ್ತುವಾಗ ಏದುಸಿರು ಬಂದರೆ ‘ವಯಸ್ಸಾಯಿತು’ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಆ ವೇಳೆಗೆ ಅರ್ಧ ಸಾಮರ್ಥ್ಯವೇ ಹೋಗಿರಬಹುದು.

ಆದುದರಿಂದ ಶ್ವಾಸಕೋಶದ ಲೆಕ್ಕ ಬೇಕಾದರೆ ಅದು ತಾನಾಗಿ ಹೇಳುವವರೆಗೆ ಕಾಯದೆ ನಾವೇ ಕೇಳಬೇಕು. ಹಾಗೆ ಕೇಳುವ ವಿಧಾನಕ್ಕೆ ಶ್ವಾಸಕೋಶದ ಕಾರ್ಯಪರೀಕ್ಷೆ ಎಂದು ಹೆಸರು. ಅದು ಕೊಡುವ ಉತ್ತರ ಕೆಲವು ಅಂಕಿಗಳು. ಆ ಅಂಕಿಗಳು ಹೇಗೆ ದೊರೆಯುತ್ತವೆ, ದೊರೆತ ಮೇಲೆ ಅವನ್ನು ಯಾವುದರೊಡನೆ ಹೋಲಿಸಬೇಕು ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡೋಣ. ಎರಡನೆಯದು ಮೊದಲನೆಯದಕ್ಕಿಂತ ತೊಡಕಿನ ಪ್ರಶ್ನೆ.

ಉಸಿರನ್ನು ಅಳೆಯುವ ಉಪಕರಣಕ್ಕೆ ಈಗಿನ ಹೆಸರನ್ನೂ ರೂಪವನ್ನೂ ಕೊಟ್ಟವನು ಜಾನ್ ಹಚಿನ್ಸನ್ ಎಂಬ ಇಂಗ್ಲೆಂಡಿನ ವೈದ್ಯ. ಅವನ ಸ್ಪೈರೋಮೀಟರು ಸರಳವಾದ ಯಂತ್ರ. ನೀರು ತುಂಬಿದ ಒಂದು ಪಾತ್ರೆ. ಅದರೊಳಗೆ ಬೋರಲಾಗಿ ತೂಗುಬಿಟ್ಟ ಇನ್ನೊಂದು ಪಾತ್ರೆ. ಅದರ ಭಾರವನ್ನು ಸರಿದೂಗಿಸಲು ರಾಟೆಯ ಮೇಲೆ ಹಾಯ್ದ ಹಗ್ಗಕ್ಕೆ ಕಟ್ಟಿದ ತೂಕ. ಕೊಳವೆಯ ಮೂಲಕ ಊದಿದ ಗಾಳಿಯು ಬೋರಲು ಪಾತ್ರೆಯೊಳಕ್ಕೆ ಹೋಗಿ ಅದನ್ನು ಮೇಲಕ್ಕೆತ್ತುತ್ತದೆ. ಎಷ್ಟು ಎತ್ತಿತೆಂಬುದನ್ನು ಪಕ್ಕದ ಅಳತೆಪಟ್ಟಿಯಲ್ಲಿ ಓದಿಕೊಂಡರಾಯಿತು. ಎದೆ ತುಂಬ ಉಸಿರೆಳೆದುಕೊಂಡು, ಸಾಧ್ಯವಾದಷ್ಟನ್ನೂ ಹೊರಕ್ಕೆ ಬಿಟ್ಟಾಗ ದೊರೆಯುವ ಗಾಳಿಯ ಗಾತ್ರಕ್ಕೆ ಅವನು ವೈಟಲ್ ಕೆಪಾಸಿಟಿ ಎಂದು ಹೆಸರಿಟ್ಟನು. ನಾವು ಅದನ್ನು ಜೀವಸಾಮರ್ಥ್ಯ ಎನ್ನೋಣ.

ಹಚಿನ್ಸನ್ನನ ಹಿರಿಮೆ ಯಂತ್ರಕ್ಕಿಂತ ಹೆಚ್ಚಾಗಿ ಅವನ ತಾಳ್ಮೆಯಲ್ಲಿದೆ. 1846ರಲ್ಲಿ ಪ್ರಕಟವಾದ ಅವನ ಪ್ರಬಂಧದಲ್ಲಿ 2,130 ಜನರ ಅಳತೆಗಳಿವೆ. ನಾವಿಕರು, ಪೊಲೀಸಿನವರು, ಬೆಂಕಿ ಆರಿಸುವವರು, ಅಚ್ಚುಕೂಟದ ಕೆಲಸಗಾರರು, ಸೈನಿಕರು, ಮಲ್ಲರು, ನಿರ್ಗತಿಕರು, ಗೌರವಸ್ಥರು, ಕೊನೆಗೆ ದೈತ್ಯರೂ ಕುಬ್ಜರೂ ಅವನ ಕೊಳವೆಗೆ ಊದಿದರು. ಈ ರಾಶಿಯಿಂದ ಅವನು ತೆಗೆದ ನಿಯಮ ಸೊಗಸಾಗಿದೆ: ಐದರಿಂದ ಆರು ಅಡಿಯ ಎತ್ತರದವರೆಗೆ, ಎತ್ತರವು ಒಂದು ಅಂಗುಲ ಹೆಚ್ಚಿದರೆ ಜೀವಸಾಮರ್ಥ್ಯವು ಎಂಟು ಘನ ಅಂಗುಲ, ಅಂದರೆ ಸುಮಾರು 130 ಮಿಲಿಲೀಟರು, ಹೆಚ್ಚುತ್ತದೆ. ದೇಹದ ತೂಕವಾಗಲಿ ಎದೆಯ ಸುತ್ತಳತೆಯಾಗಲಿ ಇಷ್ಟು ಚೆನ್ನಾಗಿ ಲೆಕ್ಕಕ್ಕೆ ಬರಲಿಲ್ಲ. ಎದೆಯುಬ್ಬಿಸಿ ನಿಲ್ಲುವವನ ಶ್ವಾಸಕೋಶ ದೊಡ್ಡದೆಂಬ ನಂಬಿಕೆ ಅಂದಿಗೇ ಸುಳ್ಳಾಯಿತು, ಆದರೂ ಇಂದಿಗೂ ಬದುಕಿದೆ.

ಅವನು ಅಳೆದ ದೈತ್ಯರಲ್ಲಿ ಅಮೆರಿಕದಿಂದ ಬಂದ ಫ್ರೀಮನ್ ಎಂಬ ಮುಷ್ಟಿಯೋಧನೊಬ್ಬನಿದ್ದನು. 1842ರಲ್ಲಿ ಅವನು ಊದಿದ ಗಾಳಿ 434 ಘನ ಅಂಗುಲ, ಅಂದರೆ ಏಳು ಲೀಟರಿಗೂ ಮಿಕ್ಕು. ಎರಡು ವರ್ಷಗಳ ತರುವಾಯ ಮತ್ತೆ ಅಳೆದಾಗ ಆ ಅಂಕಿ ಬಹಳವಾಗಿ ಇಳಿದಿತ್ತು. ಮುಂದೆ ಅವನು ಕ್ಷಯದಿಂದ ತೀರಿಕೊಂಡನು. ಎದೆಗೆ ಕಿವಿಗೊಟ್ಟು ಕೇಳಿದಾಗ ಏನೂ ತಿಳಿಯದ ಹಂತದಲ್ಲಿಯೇ ಊದಿದ ಗಾಳಿ ಸುಳಿವು ಕೊಡುತ್ತದೆಂದು ಹಚಿನ್ಸನ್ ಸಾರಿದನು. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಎರಡನೆಯ ಸಲದ ಅಳತೆಯಲ್ಲಿಯೂ ಫ್ರೀಮನ್ನನ ಸಾಮರ್ಥ್ಯ ಬೀದಿಯಲ್ಲಿ ಹೋಗುವ ಸಾಮಾನ್ಯ ಮನುಷ್ಯನದಕ್ಕಿಂತ ಹೆಚ್ಚಾಗಿಯೇ ಇತ್ತು. ಅವನನ್ನು ಅವನೊಡನೆಯೇ ಹೋಲಿಸಿದ್ದರಿಂದ ರೋಗ ಕಾಣಿಸಿತು.

ಇನ್ನು ಈ ಜೀವಸಾಮರ್ಥ್ಯವೆಂಬುದು ಶ್ವಾಸಕೋಶದ ಸಂಪೂರ್ಣ ಗಾತ್ರವಲ್ಲ. ಎಷ್ಟೇ ಊದಿದರೂ ಒಂದು ಲೀಟರಿಗೆ ಮಿಕ್ಕ ಗಾಳಿ ಒಳಗೆ ಉಳಿದೇ ಉಳಿಯುತ್ತದೆ. ಅದನ್ನು ಊದಿ ಅಳೆಯುವಂತಿಲ್ಲವಷ್ಟೆ. ಹಂಫ್ರಿ ಡೇವಿಯು 1800ರಷ್ಟು ಹಿಂದೆಯೇ ಇದಕ್ಕೊಂದು ಉಪಾಯ ಹುಡುಕಿದ್ದನು. ಗೊತ್ತಾದಷ್ಟು ಹೈಡ್ರೋಜನನ್ನು ಉಸಿರಾಡಿ, ಅದು ಒಳಗಿನ ಗಾಳಿಯೊಡನೆ ಬೆರೆತು ಎಷ್ಟು ತೆಳುವಾಯಿತೆಂಬುದರಿಂದ ಉಳಿದ ಗಾಳಿಯ ಗಾತ್ರವನ್ನು ಲೆಕ್ಕ ಹಾಕಿದನು. ಕೊಡದಲ್ಲಿ ಎಷ್ಟು ನೀರಿದೆಯೆಂದು ತಿಳಿಯಲು ಒಂದು ಹಿಡಿ ಉಪ್ಪು ಹಾಕಿ ರುಚಿ ನೋಡಿದ ಹಾಗೆ. ಇಂದು ಹೈಡ್ರೋಜನಿಗೆ ಬದಲಾಗಿ ನಿರಪಾಯಕಾರಿಯಾದ ಹೀಲಿಯಮ್ಮನ್ನು ಉಪಯೋಗಿಸುತ್ತಾರೆ. ರೋಗಿಯನ್ನು ಟೆಲಿಫೋನು ಪೆಟ್ಟಿಗೆಯಂಥ ಗಾಜಿನ ಕೋಣೆಯಲ್ಲಿ ಕುಳ್ಳಿರಿಸಿ, ಬಾಯ್ಲನ ನಿಯಮದಿಂದ ಇದೇ ಗಾತ್ರವನ್ನು ಕಂಡುಹಿಡಿಯುವ ವಿಧಾನವೂ 1956ರಿಂದ ಬಳಕೆಗೆ ಬಂದಿದೆ.

ಹಚಿನ್ಸನ್ನನ ಯಂತ್ರದಲ್ಲಿ ಒಂದು ಕೊರತೆಯಿತ್ತು. ಅದು ಎಷ್ಟು ಗಾಳಿ ಎಂದು ಹೇಳುತ್ತಿತ್ತೇ ಹೊರತು ಎಷ್ಟು ಹೊತ್ತಿನಲ್ಲಿ ಎಂದು ಹೇಳುತ್ತಿರಲಿಲ್ಲ. ಉಬ್ಬಸದ ರೋಗಿಗೆ ಸಾಕಷ್ಟು ಸಮಯ ಕೊಟ್ಟರೆ ಅವನೂ ಮೂರು ಲೀಟರು ಊದಿಬಿಡಬಹುದು. ಆದರೆ ಅವನ ಕಷ್ಟವಿರುವುದೇ ಸಮಯದಲ್ಲಿ. ನೂರು ವರ್ಷಗಳ ಮೇಲೆ, 1947ರಲ್ಲಿ, ಫ್ರಾನ್ಸಿನ ಟಿಫನೋ ಮತ್ತು ಪಿನೆಲ್ಲಿ ಎಂಬವರು ಗಡಿಯಾರವನ್ನು ಈ ಪರೀಕ್ಷೆಗೆ ತಂದರು. ಎದೆ ತುಂಬ ಉಸಿರೆಳೆದು, ಬಲವನ್ನೆಲ್ಲ ಹಾಕಿ ಊದಿದಾಗ ಮೊದಲನೆಯ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು? ಇಂದಿನ ವರದಿಗಳಲ್ಲಿ ಎಫ್.ಇ.ವಿ.1 ಎಂದು ಅಚ್ಚಾಗಿರುವುದು ಈ ಅಂಕಿಯೇ. ಕೊನೆಯವರೆಗೆ ಊದಿದ ಒಟ್ಟು ಗಾಳಿಯು ಎಫ್.ವಿ.ಸಿ.

ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದರಲ್ಲಿ ಈ ಪರೀಕ್ಷೆಯ ಜೀವಾಳವಿದೆ. ಒಂದೇ ವಯಸ್ಸಿನ, ಒಂದೇ ಎತ್ತರದ ಮೂವರನ್ನು ಊಹಿಸಿಕೊಳ್ಳೋಣ. ಮೊದಲನೆಯವನು ಒಟ್ಟು 3.2 ಲೀಟರು ಊದಿದನು, ಅದರಲ್ಲಿ 2.6 ಲೀಟರು ಮೊದಲ ಸೆಕೆಂಡಿನಲ್ಲಿಯೇ ಬಂತು. ಅಂದರೆ ಶೇಕಡ 81. ಇದು ಆರೋಗ್ಯದ ಲಕ್ಷಣ. ಎರಡನೆಯವನ ಒಟ್ಟು ಗಾಳಿ 3 ಲೀಟರು, ಮೊದಲ ಸೆಕೆಂಡಿನಲ್ಲಿ ಬಂದದ್ದು ಕೇವಲ 1.5 ಲೀಟರು, ಶೇಕಡ 50. ಇವನ ಚೀಲ ದೊಡ್ಡದಾಗಿಯೇ ಇದೆ, ಅದರ ಬಾಯಿ ಇಕ್ಕಟ್ಟಾಗಿದೆ. ಮೂರನೆಯವನ ಒಟ್ಟು ಗಾಳಿ 1.6 ಲೀಟರು, ಮೊದಲ ಸೆಕೆಂಡಿನಲ್ಲಿ 1.4 ಲೀಟರು, ಶೇಕಡ 87. ಇವನ ಬಾಯಿಗೆ ಅಡ್ಡಿಯಿಲ್ಲ, ಚೀಲವೇ ಚಿಕ್ಕದಾಗಿದೆ ಅಥವಾ ಬಿಗಿದುಕೊಂಡಿದೆ. ಮೂವರೂ ವೈದ್ಯರ ಮುಂದೆ ಕುಳಿತಾಗ ಹೇಳುವ ಮಾತು ಒಂದೇ ಇರಬಹುದು, ‘ನಡೆದರೆ ಉಸಿರು ಕಟ್ಟುತ್ತದೆ’ ಎಂದು. ಮೊದಲನೆಯವನ ತೊಂದರೆಯನ್ನು ಹೃದಯದಲ್ಲಿಯೋ ರಕ್ತಹೀನತೆಯಲ್ಲಿಯೋ ಹುಡುಕಬೇಕು. ಎರಡನೆಯದು ಉಬ್ಬಸವಿರಬಹುದು, ಹೊಗೆಯಿಂದ ಶ್ವಾಸನಾಳಗಳು ಕೆಟ್ಟ ರೋಗವಿರಬಹುದು. ಮೂರನೆಯವನಲ್ಲಿ ಶ್ವಾಸಕೋಶವು ನಾರುಗಟ್ಟಿರಬಹುದು, ಎದೆಯ ಗೂಡು ಡೊಂಕಾಗಿರಬಹುದು, ಉಸಿರೆಳೆಯುವ ಸ್ನಾಯುಗಳೇ ಸೋತಿರಬಹುದು. ಯಾವುದೆಂದು ಕೊಳವೆಯೊಂದೇ ಹೇಳಲಾರದು; ಎತ್ತ ಹುಡುಕಬೇಕೆಂದು ಹೇಳುತ್ತದೆ.

ನಾಳದ ಇಕ್ಕಟ್ಟು ಅಷ್ಟೊಂದು ತೊಂದರೆ ಕೊಡುವುದೇಕೆ? ಭೌತಶಾಸ್ತ್ರದ ವಿದ್ಯಾರ್ಥಿಗಳು ಪ್ವಾಸೆಯ ಸೂತ್ರವನ್ನು ನೆನೆಯಬಹುದು. ಸಮವಾಗಿ ಹರಿಯುವ ಪ್ರವಾಹದಲ್ಲಿ ತಡೆಯು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ನಾಳದ ಅಗಲ ಅರ್ಧಕ್ಕಿಳಿದರೆ ತಡೆ ಎರಡರಷ್ಟಲ್ಲ, ಹದಿನಾರರಷ್ಟಾಗುತ್ತದೆ. ಆದುದರಿಂದಲೇ ನಾಳವನ್ನು ಸ್ವಲ್ಪ ಸಡಿಲಿಸುವ ಔಷಧವೂ ದೊಡ್ಡ ಉಪಕಾರ ಮಾಡಬಲ್ಲದು. ಉಬ್ಬಸವಿದೆಯೆಂಬ ಸಂದೇಹವಿದ್ದರೆ ಒಮ್ಮೆ ಊದಿಸಿ, ಸಾಲ್ಬುಟಮಾಲ್ ಎಂಬ ಔಷಧವನ್ನು ಸೇದಿಸಿ, ಹದಿನೈದು ನಿಮಿಷ ಕಳೆದು ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನ ಗಾಳಿ ಗಣನೀಯವಾಗಿ ಏರಿದರೆ ಇಕ್ಕಟ್ಟು ಸಡಿಲಬಲ್ಲದ್ದೆಂದು ಗೊತ್ತಾಗುತ್ತದೆ. ಹೊಗೆಯಿಂದ ಕೆಟ್ಟ ನಾಳಗಳಲ್ಲಿ ಸಾಮಾನ್ಯವಾಗಿ ಅಷ್ಟು ಏರಿಕೆ ಕಾಣುವುದಿಲ್ಲ.

ಈ ಪರೀಕ್ಷೆಯಲ್ಲಿ ರೋಗಿಯೂ ದುಡಿಯಬೇಕು ಎಂಬುದು ಒಂದು ವಿಶೇಷ. ಎಕ್ಸ್-ಕಿರಣದ ಮುಂದೆ ಸುಮ್ಮನೆ ನಿಂತರೆ ಸಾಕು, ರಕ್ತಪರೀಕ್ಷೆಗೆ ಕೈ ಚಾಚಿದರೆ ಸಾಕು. ಇಲ್ಲಿ ಹಾಗಾಗದು. ಮೂಗಿಗೆ ಚಿಮುಟ ಹಾಕಿ, ತುಟಿಗಳನ್ನು ಕೊಳವೆಯ ಸುತ್ತ ಭದ್ರವಾಗಿ ಮುಚ್ಚಿ, ಪೂರ್ತಿ ಉಸಿರೆಳೆದು, ಹಿಂಜರಿಯದೆ ಥಟ್ಟನೆ ಊದಬೇಕು. ಇನ್ನು ಗಾಳಿಯೇ ಇಲ್ಲವೆನ್ನಿಸುವವರೆಗೂ ಊದುತ್ತಲೇ ಇರಬೇಕು. ಪರೀಕ್ಷಕರು ಪಕ್ಕದಲ್ಲಿ ನಿಂತು ‘ಊದಿ, ಊದಿ, ಇನ್ನೂ ಊದಿ!’ ಎಂದು ಹುರಿದುಂಬಿಸುತ್ತಾರೆ. ಅವರ ಉತ್ಸಾಹ ಕುಂದಿದರೆ ಅಂಕಿಯೂ ಕುಂದುತ್ತದೆ. ಆದುದರಿಂದ ಸರಿಯಾದ ಮೂರು ಊದುಗಳಾದರೂ ಇರಬೇಕು, ಅವುಗಳಲ್ಲಿ ಹೆಚ್ಚಿನ ಎರಡು ಒಂದಕ್ಕೊಂದು 150 ಮಿಲಿಲೀಟರಿನೊಳಗೆ ಹೊಂದಿಕೊಳ್ಳಬೇಕು ಎಂಬ ನಿಯಮವಿದೆ. ಈಚೆಗೆ ಹೃದಯಾಘಾತವಾದವರು, ಕಣ್ಣಿನ ಶಸ್ತ್ರಚಿಕಿತ್ಸೆಯಾದವರು ಇಷ್ಟು ಬಲವಾಗಿ ಊದಬಾರದು. ಆಸ್ಪತ್ರೆಯಿಂದ ಮನೆಗೆ ಕೊಟ್ಟುಕಳುಹಿಸುವ, ಮೂರು ಬಣ್ಣದ ಚೆಂಡುಗಳ ಪ್ಲಾಸ್ಟಿಕ್ ಉಪಕರಣವನ್ನು ಅನೇಕರು ಇದೇ ಪರೀಕ್ಷೆಯೆಂದು ತಿಳಿದಿದ್ದಾರೆ. ಅದು ಉಸಿರನ್ನು ಒಳಕ್ಕೆಳೆಯುವ ವ್ಯಾಯಾಮದ ಸಾಧನ, ಅಳತೆಯದಲ್ಲ. 2020ರ ಸಾಂಕ್ರಾಮಿಕದ ದಿನಗಳಲ್ಲಿ ಇಷ್ಟು ಸೆಕೆಂಡು ಉಸಿರು ಹಿಡಿದರೆ ಶ್ವಾಸಕೋಶ ಚೆನ್ನಾಗಿದೆಯೆಂಬ ಸುದ್ದಿ ಮನೆಮನೆಗೂ ಹಬ್ಬಿತ್ತು. ಅದು ಪರೀಕ್ಷೆಯೇ ಅಲ್ಲ.

ಗಾಳಿ ಒಳಗೆ ಹೋಗಿ ಬಂದ ಮಾತ್ರಕ್ಕೆ ಉಸಿರಾಟದ ಕೆಲಸ ಮುಗಿಯಲಿಲ್ಲ. ನಾಳಗಳ ತುದಿಯಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ಅವನ್ನೆಲ್ಲ ಬಿಡಿಸಿ ಹರಡಿದರೆ ಹೆಚ್ಚುಕಡಮೆ ಒಂದು ಬ್ಯಾಡ್ಮಿಂಟನ್ ಅಂಗಳದಷ್ಟಾಗುತ್ತದೆ. ಅವುಗಳ ಬಲು ತೆಳುವಾದ ಗೋಡೆಯನ್ನು ದಾಟಿ ಆಮ್ಲಜನಕವು ರಕ್ತವನ್ನು ಸೇರಬೇಕು. ಗೋಡೆ ದಪ್ಪವಾದರೆ, ಅಥವಾ ಗೋಡೆಗಳೇ ಹರಿದು ಅಂಗಳ ಕಿರಿದಾದರೆ ಏನು ಗತಿ? ಇದನ್ನು ಅಳೆಯಲು ಕೋಪನ್‌ಹೇಗನ್ನಿನ ಮರೀ ಕ್ರೋಗ್ ಎಂಬ ವೈದ್ಯೆ 1915ರಲ್ಲಿ ರೂಪಿಸಿದ ವಿಧಾನ ವಿಚಿತ್ರವಾದುದು. ಪ್ರಾಣಘಾತುಕವೆಂದು ನಾವೆಲ್ಲ ಹೆದರುವ ಕಾರ್ಬನ್ ಮಾನಾಕ್ಸೈಡನ್ನು ಆಕೆ ಅತ್ಯಲ್ಪ ಪ್ರಮಾಣದಲ್ಲಿ ಉಪಯೋಗಿಸಿದಳು. ಆ ಅನಿಲವನ್ನು ಕೊಲೆಗಾರನನ್ನಾಗಿ ಮಾಡಿರುವ ಗುಣ, ಅಂದರೆ ರಕ್ತದ ಹಿಮೋಗ್ಲೋಬಿನ್ನನ್ನು ಬಿಡದೆ ಹಿಡಿಯುವ ಗುಣ, ಅದನ್ನೇ ಒಳ್ಳೆಯ ಅಳತೆಗೋಲನ್ನಾಗಿಯೂ ಮಾಡಿದೆ. ಗೋಡೆಯನ್ನು ದಾಟಿದ ಅಣು ಮರಳಿ ಬರುವುದಿಲ್ಲ. ಒಂದು ಉಸಿರು ಎಳೆದು ಹತ್ತು ಸೆಕೆಂಡು ಹಿಡಿದು ಬಿಟ್ಟಾಗ ಎಷ್ಟು ಕಡಮೆಯಾಯಿತೋ ಅಷ್ಟು ದಾಟಿತೆಂದು ಲೆಕ್ಕ. ಶ್ವಾಸಕೋಶವು ಗ್ರಂಥಿಯಂತೆ ಆಮ್ಲಜನಕವನ್ನು ತಾನೇ ರಕ್ತಕ್ಕೆ ಸ್ರವಿಸುತ್ತದೆಂದು ಆಗ ಕ್ರಿಶ್ಚಿಯನ್ ಬೋರ್ ಎಂಬ ಪ್ರಸಿದ್ಧ ಪ್ರಾಧ್ಯಾಪಕರು ನಂಬಿದ್ದರು. ಅವರ ಶಿಷ್ಯನೇ ಆಗಿದ್ದ ಆಗಸ್ಟ್ ಕ್ರೋಗ್ ಮತ್ತು ಆತನ ಪತ್ನಿ ಮರೀ ಕೂಡಿ, ಅದೆಲ್ಲ ಬರಿಯ ವ್ಯಾಪನದಿಂದ ನಡೆಯುತ್ತದೆಂದು ತೋರಿಸಿದರು. ಪರಮಾಣುವಿನ ರಚನೆಗೆ ಹೆಸರಾದ ನೀಲ್ಸ್ ಬೋರ್ ಈ ಕ್ರಿಶ್ಚಿಯನ್ ಬೋರರ ಮಗ.

ಒಂದು ಸಲದ ಅಳತೆಗಿಂತ ವರ್ಷಗಳ ಅಳತೆ ಹೆಚ್ಚು ಮಾತನಾಡುತ್ತದೆ. ನಮ್ಮ ಶ್ವಾಸಕೋಶವು ಇಪ್ಪತ್ತರಿಂದ ಇಪ್ಪತ್ತೈದು ವರ್ಷದವರೆಗೆ ಬೆಳೆದು ತನ್ನ ಶಿಖರವನ್ನು ಮುಟ್ಟುತ್ತದೆ. ಆ ಮೇಲೆ ಆರೋಗ್ಯವಂತರಲ್ಲಿಯೂ ಮೊದಲ ಸೆಕೆಂಡಿನ ಗಾಳಿ ವರ್ಷಕ್ಕೆ ಇಪ್ಪತ್ತೈದು ಮೂವತ್ತು ಮಿಲಿಲೀಟರಿನಂತೆ ಇಳಿಯುತ್ತ ಹೋಗುತ್ತದೆ. ಲಂಡನ್ನಿನಲ್ಲಿ 792 ಮಂದಿ ಕೆಲಸಗಾರರನ್ನು ಎಂಟು ವರ್ಷ ಹಿಂಬಾಲಿಸಿ ಅಳೆದ ಫ್ಲೆಚರ್ ಮತ್ತು ಪೀಟೋ 1977ರಲ್ಲಿ ಪ್ರಕಟಿಸಿದ ಫಲಿತಾಂಶ ವೈದ್ಯರಿಗೆಲ್ಲ ಚಿರಪರಿಚಿತ. ಹೊಗೆಬತ್ತಿ ಸೇದುವವರೆಲ್ಲರೂ ಅಲ್ಲದಿದ್ದರೂ ಅವರಲ್ಲಿ ಒಂದು ಪಾಲಿನವರು ಹೆಚ್ಚು ವೇಗವಾಗಿ ಇಳಿಜಾರಿನಲ್ಲಿ ಜಾರುತ್ತಾರೆ. ಸೇದುವುದನ್ನು ಬಿಟ್ಟರೆ ಕಳೆದುಹೋದದ್ದು ಮರಳಿ ಬಾರದು. ಆದರೆ ಜಾರುವ ವೇಗ ಸೇದದವರ ವೇಗಕ್ಕೆ ಇಳಿಯುತ್ತದೆ. ನಲವತ್ತರಲ್ಲಿ ಬಿಟ್ಟವನಿಗೂ ಅರವತ್ತರಲ್ಲಿ ಬಿಟ್ಟವನಿಗೂ ಇರುವ ಅಂತರ ಇಷ್ಟರಿಂದಲೇ ಸ್ಪಷ್ಟ. ನಮ್ಮ ದೇಶದಲ್ಲಿ ಬೀಡಿ ಸಿಗರೇಟುಗಳನ್ನು ಕೈಯಿಂದಲೂ ಮುಟ್ಟದ ಹೆಂಗಸರು ಇದೇ ರೋಗಕ್ಕೆ ತುತ್ತಾಗುವುದುಂಟು. ಸೌದೆ, ಬೆರಣಿಗಳ ಒಲೆಯ ಮುಂದೆ ಕಳೆದ ಮೂವತ್ತು ನಲವತ್ತು ವರ್ಷಗಳು ಅವರ ಊದಿನಲ್ಲಿ ಲೆಕ್ಕಕ್ಕೆ ಬರುತ್ತವೆ.

ಧೂಳಿನ ಕಸುಬುಗಳಲ್ಲಿ ಈ ಅಳತೆಗೆ ಇನ್ನೊಂದು ಮಹತ್ವ ಬರುತ್ತದೆ. ಬಂಡೆಯನ್ನು ಕೊರೆಯುವವನು, ಕಲ್ಲು ಪುಡಿಮಾಡುವವನು ಸಿಲಿಕದ ಧೂಳನ್ನು ಉಸಿರಾಡಿ ಸಿಲಿಕೋಸಿಸ್ ಎಂಬ ರೋಗಕ್ಕೆ ಗುರಿಯಾಗುತ್ತಾನೆ. 2001ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರಲ್ಲಿ ಈ ರೋಗವಿದ್ದುದು 1940ರ ದಶಕದ ವೈದ್ಯಕೀಯ ವರದಿಗಳಲ್ಲಿಯೇ ದಾಖಲಾಗಿದೆ. ಇಂಥ ಕೆಲಸಗಾರನಿಗೆ ಎಷ್ಟು ನಷ್ಟವಾಗಿದೆ, ಪರಿಹಾರವೆಷ್ಟು ಎಂಬ ಪ್ರಶ್ನೆ ಬಂದಾಗ ಊದಿದ ಅಂಕಿಯು ಸಾಕ್ಷಿಯ ಕಟಕಟೆ ಹತ್ತುತ್ತದೆ. ಆಗ ನಾವು ಆರಂಭದಲ್ಲಿ ಹೇಳಿದ ಎರಡನೆಯ ಪ್ರಶ್ನೆ ಎದುರಾಗುತ್ತದೆ. ನಷ್ಟವೆಂದರೆ ಯಾವುದರಿಂದ ಕಳೆದ ನಷ್ಟ? ಆ ಕೆಲಸಗಾರನು ತರುಣನಾಗಿದ್ದಾಗ ಎಷ್ಟು ಊದುತ್ತಿದ್ದನೆಂದು ಯಾರೂ ಅಳೆದಿಟ್ಟಿರುವುದಿಲ್ಲ. ಆದುದರಿಂದ ಅವನ ವಯಸ್ಸಿನ, ಎತ್ತರದ ಆರೋಗ್ಯವಂತರು ಊದುವ ಸರಾಸರಿಯನ್ನು ‘ನಿರೀಕ್ಷಿತ’ ಎಂದು ಕರೆದು ಅದರೊಡನೆ ಹೋಲಿಸುತ್ತಾರೆ.

ಆ ಆರೋಗ್ಯವಂತರು ಯಾರು? ಈ ಪ್ರಶ್ನೆಗೆ ಕಹಿಯಾದ ಚರಿತ್ರೆಯಿದೆ. ಹಚಿನ್ಸನ್ನನ ಪ್ರಬಂಧ ಬಂದ ಐದೇ ವರ್ಷಗಳಲ್ಲಿ, 1851ರಲ್ಲಿ, ಅಮೆರಿಕದ ದಕ್ಷಿಣ ಸಂಸ್ಥಾನಗಳ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬಾತನು, ನೀಗ್ರೋ ಗುಲಾಮರ ಶ್ವಾಸಕೋಶದ ಸಾಮರ್ಥ್ಯ ಬಿಳಿಯರದಕ್ಕಿಂತ ಶೇಕಡ 20ರಷ್ಟು ಕಡಮೆಯೆಂದು ಸಾರಿ, ಗುಲಾಮಗಿರಿಯ ದುಡಿಮೆಯೇ ಅವರ ಆರೋಗ್ಯಕ್ಕೆ ಹಿತವೆಂದು ವಾದಿಸಿದನು. ಅಮೆರಿಕದ ಅಂತರ್ಯುದ್ಧದ ಸೈನಿಕರನ್ನು ಅಳೆದ ಅಂಕಿಗಳು 1869ರಲ್ಲಿ ಇದೇ ಮಾತಿಗೆ ಬೆಂಬಲವಾದವು. ಅಳೆಯಿಸಿಕೊಂಡವರು ಏನುಂಡರು, ಯಾವ ಗುಡಿಸಲಿನಲ್ಲಿ ಬೆಳೆದರು, ಯಾವ ರೋಗಗಳನ್ನು ದಾಟಿ ಬಂದರು ಎಂಬ ವಿಚಾರಣೆ ನಡೆಯಲಿಲ್ಲ. ಮುಂದೆ ಯಂತ್ರಗಳು ಗಣಕಯಂತ್ರಗಳೊಡನೆ ಕೂಡಿದಾಗ ಈ ವ್ಯತ್ಯಾಸವೂ ಅವುಗಳೊಳಗೆ ಸೇರಿಕೊಂಡಿತು. ಜನಾಂಗವನ್ನು ನಮೂದಿಸಿದರೆ ನಿರೀಕ್ಷಿತ ಅಂಕಿಯು ಕಪ್ಪು ಜನರಿಗೆ ಶೇಕಡ 10ರಿಂದ 15, ಏಷ್ಯದವರಿಗೆ 4ರಿಂದ 6 ತಾನಾಗಿ ಇಳಿಯುತ್ತಿತ್ತು.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ನೋಡೋಣ. ಒಬ್ಬ ಕೆಲಸಗಾರನು ಮೊದಲ ಸೆಕೆಂಡಿನಲ್ಲಿ 2.5 ಲೀಟರು ಊದಿದನು. ನಿರೀಕ್ಷಿತ ಅಂಕಿ 3.4 ಲೀಟರು ಎಂದಾದರೆ ಅವನದು ಶೇಕಡ 74. ಅದನ್ನು ಶೇಕಡ 10 ಇಳಿಸಿ 3.06 ಎಂದರೆ ಅವನದು ಶೇಕಡ 82. ರೂಢಿಯಲ್ಲಿ ಶೇಕಡ 80ರ ಗೆರೆಯನ್ನು ಹಿಡಿಯುವವರ ಕಣ್ಣಿಗೆ ಒಂದು ಕೋಷ್ಟಕದಲ್ಲಿ ಅವನು ರೋಗಿ, ಇನ್ನೊಂದರಲ್ಲಿ ಆರೋಗ್ಯವಂತ. ಅವನ ಎದೆಯೊಳಗೆ ಏನೂ ಬದಲಾಗಿಲ್ಲ. ರೋಗಿಯೆನಿಸಿಕೊಂಡರೆ ಪರಿಹಾರ ಸಿಕ್ಕೀತು, ಕೆಲಸ ಹೋದೀತು. ಆರೋಗ್ಯವಂತನೆನಿಸಿಕೊಂಡರೆ ಕೆಲಸ ಉಳಿದೀತು, ಚಿಕಿತ್ಸೆ ತಡವಾದೀತು. 1999ರಲ್ಲಿ ಬಾಲ್ಟಿಮೋರಿನಲ್ಲಿ ಆಸ್ಬೆಸ್ಟಾಸಿನ ಧೂಳಿನಿಂದ ನೊಂದವರ ಮೊಕದ್ದಮೆಯಲ್ಲಿ, ಕಪ್ಪು ಕೆಲಸಗಾರರು ಬಿಳಿಯರಿಗಿಂತ ಹೆಚ್ಚಿನ ನಷ್ಟವನ್ನು ತೋರಿಸಿದರೆ ಮಾತ್ರ ಅವರ ದಾವೆಯನ್ನು ಪರಿಗಣಿಸಬೇಕೆಂದು ಕಂಪೆನಿಯೊಂದು ಕೇಳಿಕೊಂಡದ್ದೂ ಉಂಟು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

ಹಾಗಾದರೆ ಜನಸಮುದಾಯಗಳ ನಡುವೆ ವ್ಯತ್ಯಾಸವೇ ಇಲ್ಲವೇ? ಸರಾಸರಿಯಲ್ಲಿ ವ್ಯತ್ಯಾಸ ಇದ್ದೇ ಇದೆ. ಸಮಾನ ಎತ್ತರದ ಇಬ್ಬರಲ್ಲಿ ಒಬ್ಬನ ಕಾಲು ಉದ್ದವಾಗಿ ಮುಂಡ ಗಿಡ್ಡವಾಗಿದ್ದರೆ ಅವನ ಎದೆಯ ಗೂಡು ಚಿಕ್ಕದೆಂಬುದು ಅದಕ್ಕೆ ಒಂದು ಕಾರಣ. ಆದರೆ ಅದು ಇಡೀ ವ್ಯತ್ಯಾಸವನ್ನು ವಿವರಿಸಲಾರದು. ಗರ್ಭದಲ್ಲಿ ದೊರೆತ ಪೋಷಣೆ, ಎಳವೆಯ ಸೋಂಕುಗಳು, ಮನೆಯ ಹೊಗೆ ಇವೆಲ್ಲವೂ ಶ್ವಾಸಕೋಶದ ಬೆಳವಣಿಗೆಯನ್ನು ಕುಗ್ಗಿಸುತ್ತವೆ. ಕುಗ್ಗಿದ ಸರಾಸರಿಯನ್ನೇ ಸಹಜವೆಂದು ಬರೆದಿಟ್ಟರೆ ಬಡತನವೂ ಜನಾಂಗದ ಲಕ್ಷಣವಾಗಿಬಿಡುತ್ತದೆ. 2012ರಲ್ಲಿ ಹಲವು ದೇಶಗಳ 74,187 ಆರೋಗ್ಯವಂತರ ಅಳತೆಗಳಿಂದ ಮೂರರಿಂದ ತೊಂಬತ್ತೈದು ವರ್ಷದವರೆಗೆ ಅನ್ವಯಿಸುವ ಸೂತ್ರಗಳನ್ನು ರಚಿಸಿದರು. ಅವುಗಳಲ್ಲಿ ಭಾರತೀಯರಿಗೆ ಸ್ವಂತ ವರ್ಗವಿರಲಿಲ್ಲ. ‘ಇತರರು’ ಎಂಬ ಗುಂಪಿಗೆ ಸೇರಬೇಕಾಯಿತು. ನಮ್ಮಲ್ಲಿಯೇ ಬೇರೆ ಬೇರೆ ಪ್ರಾಂತಗಳಲ್ಲಿ ರಚಿಸಿದ ಸೂತ್ರಗಳಿವೆ, ಅವು ಒಂದಕ್ಕೊಂದು ಪೂರ್ತಿಯಾಗಿ ಹೊಂದುವುದಿಲ್ಲ. 2022ರಲ್ಲಿ ಜನಾಂಗವನ್ನು ಬಿಟ್ಟ ಹೊಸ ಸೂತ್ರಗಳು ಬಂದವು, 2023ರಲ್ಲಿ ಅಮೆರಿಕದ ಶ್ವಾಸತಜ್ಞರ ಸಂಘವು ಅವುಗಳನ್ನು ಬಳಸಬೇಕೆಂದು ಶಿಫಾರಸು ಮಾಡಿತು. ಈ ಬದಲಾವಣೆಯಿಂದ ಕೆಲವರಿಗೆ ಪರಿಹಾರ ಸುಲಭವಾಗಿ, ಇನ್ನು ಕೆಲವರಿಗೆ ಕೆಲಸವೋ ಶಸ್ತ್ರಚಿಕಿತ್ಸೆಯೋ ಕಷ್ಟವಾಗುವುದೂ ಉಂಟೆಂದು ವೈದ್ಯರಲ್ಲಿ ಚರ್ಚೆ ನಡೆದಿದೆ. ನಮ್ಮ ಅಭಿಪ್ರಾಯದಲ್ಲಿ ವರದಿಯನ್ನು ಓದುವ ವೈದ್ಯರು ಶೇಕಡಾವಾರು ಅಂಕಿಯ ಜೊತೆಗೆ, ಅದು ಯಾವ ಸೂತ್ರದಿಂದ ಬಂತೆಂಬುದನ್ನೂ ನೋಡಲೇಬೇಕು. ಯಂತ್ರವನ್ನು ಬದಲಾಯಿಸಿದಾಗ ಸೂತ್ರವೂ ಬದಲಾಗಿ, ರೋಗವಿಲ್ಲದೆಯೇ ರೋಗಿ ಹುಟ್ಟುವ ಸಂಭವವಿದೆ.

ಹಚಿನ್ಸನ್ನನ ಪ್ರಯೋಗವನ್ನು ತರಗತಿಯಲ್ಲಿ ಮಾಡಿ ನೋಡುವುದು ಕಷ್ಟವಲ್ಲ. ಐದು ಲೀಟರು ಹಿಡಿಯುವ ಪಾರದರ್ಶಕ ಕ್ಯಾನಿನಲ್ಲಿ ನೀರು ತುಂಬಿ, ಬಾಯಿಗೆ ಅಂಗೈ ಮುಚ್ಚಿ, ನೀರಿರುವ ಅಗಲವಾದ ತೊಟ್ಟಿಯಲ್ಲಿ ಬೋರಲು ಹಾಕಬೇಕು. ಒಂದು ರಬ್ಬರು ಕೊಳವೆಯ ತುದಿಯನ್ನು ಅದರ ಬಾಯೊಳಗೆ ತೂರಿಸಿ, ಎದೆ ತುಂಬ ಉಸಿರೆಳೆದು, ಮೂಗು ಹಿಡಿದುಕೊಂಡು ಇನ್ನೊಂದು ತುದಿಯಿಂದ ಊದಬೇಕು. ನೀರು ಇಳಿದ ಮಟ್ಟಕ್ಕೆ ಗುರುತು ಹಾಕಿ, ಕ್ಯಾನನ್ನು ಹಾಗೆಯೇ ಬೋರಲಾಗಿ ಎತ್ತಿಹಿಡಿದು ನೀರನ್ನು ಚೆಲ್ಲಿ, ಬಾಯಿಯನ್ನು ಬಿರಡೆಯಿಂದ ಮುಚ್ಚಬೇಕು. ಆಮೇಲೆ ಬುಡದಲ್ಲಿ ಒಂದು ರಂಧ್ರ ಕೊರೆದು, ಆ ಗುರುತಿನಿಂದ ಬುಡದವರೆಗೆ ಎಷ್ಟು ನೀರು ಹಿಡಿಯುತ್ತದೆಂದು ಅಳೆದರೆ ಊದಿದ ಗಾಳಿಯ ಗಾತ್ರ ದೊರೆಯುತ್ತದೆ. ರಂಧ್ರ ಕೊರೆಯುವ ಮೊದಲೇ ಎಲ್ಲರ ಗುರುತುಗಳನ್ನೂ ಹಾಕಿಕೊಂಡುಬಿಟ್ಟರೆ ಒಂದೇ ಕ್ಯಾನು ಸಾಕು. ದೇಹದ ಬಿಸಿಯಲ್ಲಿದ್ದ ಗಾಳಿ ನೀರಿನ ಮೇಲೆ ತಣಿದು ಕುಗ್ಗುವುದರಿಂದ ಲೆಕ್ಕಕ್ಕೆ ಶೇಕಡ ಏಳೆಂಟನ್ನು ಕೂಡಿಸಿಕೊಳ್ಳಬಹುದು. ತರಗತಿಯ ಎಲ್ಲರ ಎತ್ತರಗಳನ್ನು ಅಡ್ಡಲಾಗಿ, ಗಾಳಿಯನ್ನು ಲಂಬವಾಗಿ ಗುರುತಿಸಿ ನಕ್ಷೆ ಬರೆದರೆ ಬಿಂದುಗಳು ಏರುತ್ತ ಹೋಗುವುದು ಕಾಣುತ್ತದೆ. ಕೆಲವು ಬಿಂದುಗಳು ನಡುಗೆರೆಯಿಂದ ಸಾಕಷ್ಟು ಕೆಳಗೂ ಬೀಳುತ್ತವೆ, ಅವರೆಲ್ಲ ರೋಗಿಗಳಲ್ಲ. ಅವರನ್ನು ಬೆಂಚಿನ ಮೇಲೆ ಕುಳ್ಳಿರಿಸಿ ಕುಳಿತ ಎತ್ತರವನ್ನೂ ಅಳೆದು, ಅದರ ಮೇಲೆ ಎರಡನೆಯ ನಕ್ಷೆ ಬರೆದು ನೋಡಬಹುದು. ಕೆಮ್ಮು ಜ್ವರ ಇರುವವರು ಊದಬಾರದು, ಉಳಿದವರು ಪ್ರತಿಯೊಬ್ಬರೂ ಕೊಳವೆಗೆ ಬೇರೆ ತುಂಡನ್ನು ಸೇರಿಸಿಕೊಂಡು ಊದಬೇಕು.